ಹೆಸರು ಮೊದಲು, ಮಾರಿ ಆಮೇಲೆ

ನಾನೊಂದು ಎರಡು ಕಣ್ಣಿನ ಕ್ಯಾಮೆರಾ. ಕಣ್ಣುಗಳು ಅಕ್ಕಪಕ್ಕ ಅಲ್ಲ, ಒಂದರ ಮೇಲೊಂದು. ಮೇಲಿನ ಕಣ್ಣು ನೋಡುವುದಕ್ಕೆ, ಕೆಳಗಿನ ಕಣ್ಣು ನೆನಪಿಟ್ಟುಕೊಳ್ಳುವುದಕ್ಕೆ. ಮೇಲಿನದು ಕಂಡದ್ದು ನನ್ನ ನೆತ್ತಿಯ ಗಾಜಿನ ಮೇಲೆ ಮೂಡುತ್ತದೆ. ಅದನ್ನು ನೋಡಿಕೊಂಡು ಗುಂಡಿ ಒತ್ತಿದರೆ ಕೆಳಗಿನ ಕಣ್ಣು ಒಮ್ಮೆ ಮಿಟುಕಿ, ಒಳಗಿನ ರೋಲಿನ ಮೇಲೆ ಅದನ್ನು ಬರೆದುಕೊಳ್ಳುತ್ತದೆ. ಇಷ್ಟು ತಿಳಿದರೆ ನನ್ನ ವಿಷಯ ಮುಗಿಯಿತು. ಉಳಿದದ್ದೆಲ್ಲ ಮನುಷ್ಯರ ಕತೆ.

ನಾನು ಹುಟ್ಟಿದ್ದು ಜರ್ಮನಿಯ ಒಂದು ಕಾರ್ಖಾನೆಯಲ್ಲಿ. ನನ್ನ ಕಣ್ಣು ಕೂಡಿಸಿದ ಹೆಂಗಸು ಕೆಲಸ ಮುಗಿದ ಮೇಲೆ ನನ್ನನ್ನು ಕಿಟಕಿಯ ಕಡೆಗೆ ಹಿಡಿದು, ತಾನೂ ಬಾಗಿ ನೋಡಿದಳು. ಹೊರಗೆ ಮೋಡ, ಒಂದು ಮರ. ಅವಳು ತಲೆಯಾಡಿಸಿ ಮುಂದಿನ ಮೇಜಿಗೆ ಸರಿಸಿದಳು. ಹಡಗು ಹತ್ತಿ ಮುಂಬಯಿಗೆ ಬಂದೆ, ಅಲ್ಲಿಂದ ರೈಲಿನಲ್ಲಿ ಬಿಜಾಪುರಕ್ಕೆ. ವಾಮನರಾವ್ ಎಂಬವರ ಸ್ಟುಡಿಯೋದಲ್ಲಿ ಕೆಲಸಕ್ಕೆ ನಿಂತೆ.

ವಾಮನರಾಯರು ಒಳ್ಳೆಯವರು, ಆದರೆ ಅವರ ಗಿರಾಕಿಗಳಲ್ಲಿ ನನಗೆ ತಲೆನೋವು ತರುತ್ತಿದ್ದವರು ಕವಿಗಳು. ಪುಸ್ತಕದ ಹಿಂದಿನ ರಟ್ಟಿಗೆ ಫೋಟೋ ಬೇಕಲ್ಲ, ಜಿಲ್ಲೆಯ ಕವಿಗಳೆಲ್ಲ ಅಲ್ಲಿಗೇ ಬರುತ್ತಿದ್ದರು. ಬಂದವರೇ ಗದ್ದಕ್ಕೆ ಕೈ ಹಚ್ಚುತ್ತಿದ್ದರು. ಆಮೇಲೆ ಛಾವಣಿಯ ಮೂಲೆ ನೋಡುತ್ತಿದ್ದರು. ಅಲ್ಲಿ ಹಲ್ಲಿ ಬಿಟ್ಟರೆ ಬೇರೇನೂ ಇರಲಿಲ್ಲ. ಶಾಲು ತರದವರಿಗೆ ಸ್ಟುಡಿಯೋದ್ದೇ ಒಂದು ಶಾಲು ಇತ್ತು. ಆ ಕಾಲದ ಬಿಜಾಪುರದ ಕವನ ಸಂಕಲನಗಳನ್ನು ತಿರುವಿ ಹಾಕಿದರೆ ಬೇರೆ ಬೇರೆ ಮೈಮೇಲೆ ಅದೊಂದೇ ಶಾಲು ಕಾಣುತ್ತದೆ. ಇವರೆಲ್ಲ ಏನು ಬರೆಯುತ್ತಾರೋ ನನಗೆ ಗೊತ್ತಿರಲಿಲ್ಲ, ಆದರೆ ಇವರ ನಾಟಕ ನೋಡಿ ನೋಡಿ ಸಾಕಾಗಿತ್ತು.

ಹಾಗಿರುವಾಗ ಒಂದು ದಿನ ದಾವಲಸಾಬ ನದಾಫ ಮಾಸ್ತರರು ಬಂದರು. ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದವರು. ಅಪ್ಪ ಹತ್ತಿ ಹಿಂಜಿ ಗಾದಿ ಹೊಲಿಯುತ್ತಿದ್ದವನು. ಮಾಸ್ತರರ ಮೊದಲ ಪುಸ್ತಕ ಅಚ್ಚಿಗೆ ಹೋಗಿತ್ತು. ವಾಮನರಾಯರು ಶಾಲು ಹೊದಿಸಿದರು, ಕೈಯನ್ನು ಗದ್ದಕ್ಕೆ ಹಚ್ಚಿದರು, ನನ್ನ ಮುಂದೆ ಬಾಗಿದರು. ಮಾಸ್ತರರು ಮೂಲೆ ನೋಡುವುದನ್ನು ಬಿಟ್ಟು ನನ್ನನ್ನೇ ನೋಡತೊಡಗಿದರು.

"ರಾಯರ, ಫೋಟೋ ನಂದು. ತಲಿ ನೀವ್ಯಾಕ ಬಾಗಸ್ತೀರಿ?"

"ಬಾಗಿಸಿದ್ರನ ಇದರಾಗ ಕಾಣಸ್ತದ್ರಿ, ಮಾಸ್ತರ."

ಮಾಸ್ತರರು ಶಾಲು ಕಿತ್ತು ಕುರ್ಚಿಯ ಮೇಲೆ ಹಾಕಿ ಎದ್ದುಬಂದರು. "ಒಂದೀಟ ನಾನೂ ನೋಡ್ಲಿ" ಎಂದು ನನ್ನ ನೆತ್ತಿಯ ಮೇಲೆ ಬಾಗಿದರು. ಗಾಜಿನಲ್ಲಿ ಬಾಗಿಲು ಕಂಡಿತು, ಬಾಗಿಲಾಚೆ ರಸ್ತೆ, ರಸ್ತೆಯಲ್ಲಿ ಟಾಂಗಾ, ಟಾಂಗಾದವನ ಬಾಯಲ್ಲಿ ಬೀಡಿ. ಎಡದ್ದು ಬಲಕ್ಕೆ, ಬಲದ್ದು ಎಡಕ್ಕೆ, ಆದರೆ ಎಲ್ಲವೂ ಜೀವಂತ. ಅವರು ತಲೆ ಎತ್ತಲೇ ಇಲ್ಲ. ಫೋಟೋ ತೆಗೆಸಿಕೊಳ್ಳುವುದನ್ನೇ ಮರೆತರು. ಆ ಪುಸ್ತಕ ಕೊನೆಗೆ ಕವಿಯ ಫೋಟೋ ಇಲ್ಲದೆಯೇ ಬಂತು.

ವಾಮನರಾಯರು ಹೊಸ ಕ್ಯಾಮೆರಾ ತರಿಸಿದ ವರ್ಷ ಮಾಸ್ತರರು ತಮ್ಮ ಸೈಕಲ್ಲು ಕೊಟ್ಟು ನನ್ನನ್ನು ಮನೆಗೆ ತಂದರು. ಅವರ ಹೆಂಡತಿ ಬೀಬಿಜಾನ್ ಬಾಗಿಲಲ್ಲೇ ನಿಂತು ನನ್ನನ್ನು ಮೇಲೆ ಕೆಳಗೆ ನೋಡಿದಳು.

"ಸೈಕಲ್ ಮ್ಯಾಲ ಕುಂತು ಸಾಲಿಗಿ ಹೋಗ್ತಿದ್ರಿ. ಇದರ ಮ್ಯಾಲ ಕುಂಡ್ರಾಕ ಬರ್ತದೇನ್ರೀ?"

"ಇದು ನನ್ನ ಮ್ಯಾಲ ಕುಂಡ್ರತದ" ಎಂದು ಮಾಸ್ತರರು ನನ್ನನ್ನು ಕೊರಳಿಗೆ ಹಾಕಿಕೊಂಡರು. ಅಂದಿನಿಂದ ಅವರ ಎದೆಯೇ ನನ್ನ ಮನೆ.

ನನ್ನ ಕಣ್ಣಿನ ಮುಚ್ಚಳಗಳು ಸ್ಟುಡಿಯೋದಲ್ಲೇ ಕಳೆದುಹೋಗಿದ್ದವು. ಬಿಜಾಪುರದ ಧೂಳು ಸಾಮಾನ್ಯದ್ದಲ್ಲ. ಬೀಬಿಜಾನಳೇ ಹುಡುಕಾಡಿ ಎರಡು ನಶ್ಯದ ಡಬ್ಬಿಯ ಮುಚ್ಚಳ ತಂದು, ಒಳಗೆ ಬಟ್ಟೆ ಅಂಟಿಸಿ, ಕಣ್ಣಿಗೊಂದರಂತೆ ಹಾಕಿದಳು. ನನಗೆ ಮೊದಲು ಅವಮಾನ ಎನಿಸಿತು. ಜರ್ಮನಿಯಲ್ಲಿ ಹುಟ್ಟಿದ ನಾನು ನಶ್ಯದ ಘಾಟು ಕುಡಿಯುತ್ತ ಕೂರಬೇಕೆ? ರೂಢಿಯಾಯಿತು. ರೋಲು ತೊಳೆಯಲು ಅವರಿಗೆ ಕತ್ತಲೆ ಕೋಣೆಯೂ ಇರಲಿಲ್ಲ. ಮಾಸ್ತರರ ಅಪ್ಪ ಹೊಲಿದ ದಪ್ಪ ರಜಾಯಿ ಇತ್ತು. ಹಾಡಹಗಲಲ್ಲಿ ಅದನ್ನು ಹಾಸಿ, ಅದರೊಳಗೆ ಎರಡೂ ಕೈ ತೂರಿಸಿ, ತಡಕಾಡಿ ರೋಲನ್ನು ಔಷಧಿಯ ಡಬ್ಬಿಗೆ ಸುತ್ತುತ್ತಿದ್ದರು. ಆ ಹತ್ತಿಯನ್ನು ದಾಟಿ ಒಂದು ಎಳೆ ಬೆಳಕೂ ಒಳಗೆ ಬರುತ್ತಿರಲಿಲ್ಲ.

ಬಿಜಾಪುರಕ್ಕೆ ಬಂದ ಕ್ಯಾಮೆರಾಗಳೆಲ್ಲ ಗುಮ್ಮಟದ ಕಡೆಗೆ ಮುಖ ಮಾಡುತ್ತಿದ್ದವು. ನನ್ನ ಮಾಸ್ತರರು ಗುಮ್ಮಟಕ್ಕೆ ಬೆನ್ನು ಹಾಕಿ, ಅದನ್ನು ನೋಡಲು ಬಂದವರ ಮುಖ ನೋಡುತ್ತಿದ್ದರು. ಬಳೆಗಾರ್ತಿ, ಬಾವಿ ತೋಡುವವನು, ಕುರಿ ಕಾಯುವವಳು, ಕೋರ್ಟಿನ ಮುಂದೆ ಅರ್ಜಿ ಬರೆಯುವವನು. ಬೇರೆಯವರು ಕ್ಯಾಮೆರಾವನ್ನು ಕಣ್ಣಿಗೇರಿಸಿದರೆ ಜನ ಬೆಚ್ಚುತ್ತಿದ್ದರು. ಮಾಸ್ತರರು ಅವರ ಮುಂದೆ ತಲೆ ಬಾಗಿಸಿ ನಿಲ್ಲುತ್ತಿದ್ದರು. ತನ್ನ ಮುಂದೆ ತಲೆ ಬಾಗಿಸಿದವನನ್ನು ಕಂಡು ಯಾರು ಹೆದರುತ್ತಾರೆ? ಎಷ್ಟೋ ಜನ ತಿರುಗಿ ಕೈಮುಗಿದೂ ಬಿಡುತ್ತಿದ್ದರು.

ಫೋಟೋ ತೆಗೆದ ಮೇಲೆ ಮಾಸ್ತರರು ಒಂದು ಕೆಲಸ ತಪ್ಪದೆ ಮಾಡುತ್ತಿದ್ದರು. ಎದುರಿಗೆ ನಿಂತವರ ಊರು ಯಾವುದು, ಕೆಲಸ ಕಲಿಸಿದವರು ಯಾರು, ಹೆಸರೇನು ಎಂದು ಕೇಳುತ್ತಿದ್ದರು. ಆ ಸೀಮೆಯಲ್ಲಿ ಮೊಹರಮ್ಮಿಗೆ ಹಿಂದೂ ಮುಸಲ್ಮಾನರು ಕೂಡಿ ಹಾಡುವ ಪದಗಳ ರೀತಿ ಅದು. ಪದದ ಕೊನೆಯ ನುಡಿಯಲ್ಲಿ ಊರು ಬರಬೇಕು, ಗುರು ಬರಬೇಕು, ಕಟ್ಟಿದವನ ಹೆಸರು ಬರಬೇಕು. ಅದಿಲ್ಲದ ಪದವನ್ನು ಯಾರೂ ಪೂರ್ತಿ ಎನ್ನುವುದಿಲ್ಲ. ಮಾಸ್ತರರು ಪ್ರತಿ ಫೋಟೋದ ಕೆಳಗೂ ಅಂಥದ್ದೊಂದು ನುಡಿ ಕಟ್ಟಿ ಬರೆಯುತ್ತಿದ್ದರು. ಫೋಟೋ ಒಂದು ಸಾಲು, ನುಡಿ ಇನ್ನೊಂದು ಸಾಲು. ಎರಡೂ ಸೇರಿದರೆ ಕವಿತೆ ಎಂದು ಅವರು ನಂಬಿದ್ದರು.

ಊರು ನಂಬಲಿಲ್ಲ. ಅಲ್ಲಿಯ ಸಾಹಿತ್ಯ ಸಂಘದ ಅಧ್ಯಕ್ಷರು ಗುರುಪಾದಪ್ಪ ಬಗಲಿ ವಕೀಲರು. ಗದ್ದಕ್ಕೆ ಕೈ ಹಚ್ಚುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ. ಸಂಘದ ಕಟ್ಟೆಯ ಮೇಲೆ ಎಲ್ಲರೂ ಕೇಳುವ ಹಾಗೆ ಹೇಳುತ್ತಿದ್ದರು: "ನದಾಫ ಮಾಸ್ತರ ಛಲೋ ಬರೀತಿದ್ರು. ಈಗ ಎರಡು ದೋಣ್ಯಾಗ ಕಾಲಿಟ್ಟಾರ. ಕವಿ ಅಂತ ಕರೀಬೇಕೋ ಫೋಟೋದಾಂವ ಅಂತ ಕರೀಬೇಕೋ ತಿಳೀದಂಗ ಆಗೇದ." ಕವಿಗೋಷ್ಠಿಯ ಆಮಂತ್ರಣ ಪತ್ರಿಕೆಗಳಲ್ಲಿ ಮಾಸ್ತರರ ಹೆಸರು ಕೆಳಕೆಳಗೆ ಸರಿದು ಕೊನೆಗೆ ಕಾಣದಾಯಿತು. ಅವರು ನಕ್ಕುಬಿಡುತ್ತಿದ್ದರು. ಆದರೆ ಅವರ ಎದೆಯ ಮೇಲೆ ಇದ್ದವನು ನಾನು. ಆ ನಗೆಯ ಹಿಂದಿನ ನೋವು ನನಗೆ ಗೊತ್ತಾಗದೆ ಇರುತ್ತದೆಯೆ?

ಜಿಲ್ಲಾ ಸಾಹಿತ್ಯ ಸಮ್ಮೇಳನ ಬಿಜಾಪುರದಲ್ಲೇ ನಡೆಯುವುದೆಂದು ಗೊತ್ತಾದಾಗ ಮಾಸ್ತರರು ಸಂಘಕ್ಕೆ ಹೋಗಿ ಒಂದು ಕೋಣೆ ಕೇಳಿದರು. ತಮ್ಮ ಫೋಟೋ, ನುಡಿ ಎರಡನ್ನೂ ಗೋಡೆಗೆ ಹಾಕಬೇಕು, ಸಂಜೆ ಅವನ್ನು ಓದಬೇಕು. ಬಗಲಿ ವಕೀಲರು ಕನ್ನಡಕ ಒರೆಸಿಕೊಂಡು ಹೇಳಿದರು.

"ಬೇವಿನಾಳದ ಸಿದ್ರಾಮಪ್ಪನ ಫೋಟೋ ತಂದ್ರ ಕೊಡ್ತೀವಿ. ಇಲ್ಲಂದ್ರ ಬರೇ ಕವಿತಾ ಓದ್ರಿ, ಈ ಗೊಂಬಿ ಎಲ್ಲಾ ಬ್ಯಾಡ."

ಅದು ಆಗದ ಹೋಗದ ಮಾತೆಂದು ಸಂಘದವರಿಗೆಲ್ಲ ಗೊತ್ತಿತ್ತು. ಕುಂಬಾರ ಸಿದ್ರಾಮಜ್ಜ ಆ ಸೀಮೆಯಲ್ಲಿ ಪದ ಕಟ್ಟುವವರಿಗೆಲ್ಲ ಹಿರಿಯ. ಅವನ ಪದ ಹಾಡದ ಊರಿರಲಿಲ್ಲ, ಆದರೆ ಅವನು ಕ್ಯಾಮೆರಾ ಕಂಡರೆ ಎದ್ದು ಹೋಗುತ್ತಿದ್ದ. ಮಾಸ್ತರರು ನೇರ ಬೇವಿನಾಳಕ್ಕೆ ಹೋದರು. ಅಜ್ಜ ತಿಗರಿಯ ಮುಂದೆ ಕೂತಿದ್ದ. ನನ್ನನ್ನು ನೋಡಿದ್ದೇ ಮುಖ ತಿರುಗಿಸಿದ.

"ಹಿಂದಕ್ಕೊಬ್ಬ ಪೇಪರದಾಂವ ಬಂದು ತಗೊಂಡು ಹ್ವಾದ, ತಮ್ಮಾ. ಪೇಪರಿನ್ಯಾಗ ನನ್ನ ಮಾರಿ ಬಂತು. ತಳಗ ಏನ್ ಬರ್ದಿದ್ದ ಗೊತ್ತೈತೇನು? 'ಒಬ್ಬ ಹಳ್ಳಿ ಹಾಡುಗಾರ.' ಒಬ್ಬ! ಹುಟ್ಟಿದಾಗಿಂದ ಪದಾ ಕಟ್ಟೇನಿ, ಒಂದರಾಗೂ ಹೆಸರು ಬಿಟ್ಟಿಲ್ಲ. ಅವ ನನ್ನ ಮಾರಿ ಒಯ್ದು ಹೆಸರು ಒಗದ."

ಮಾಸ್ತರರು ಚೀಲದಿಂದ ಒಂದೊಂದೇ ಫೋಟೋ ತೆಗೆದು, ಕೆಳಗಿನ ನುಡಿ ಓದುತ್ತ ಹೋದರು. ಬಳೆಗಾರ್ತಿಯ ಊರು, ಗುರು, ಹೆಸರು. ಬಾವಿ ತೋಡುವವನ ಊರು, ಗುರು, ಹೆಸರು. ಅಜ್ಜನ ತಿಗರಿ ನಿಧಾನವಾಗಿ ನಿಂತಿತು. "ಮಾತ್ರಿ ತಪ್ಪಿಲ್ಲ" ಎಂದ. ಕೈಯ ಮಣ್ಣು ಒರೆಸಿಕೊಳ್ಳುತ್ತ, "ಬರೋ ಐತಾರ ಬಾ" ಎಂದ.

ಆ ಭಾನುವಾರ ಬಸ್ಸು ಇಳಿಯುವಾಗಲೇ ಹಾಡು ಕೇಳಿಸಿತು. ಅಜ್ಜ ಯಾರಿಗಾಗಿಯೂ ಕಾಯುವವನಲ್ಲ. ಮೇಳ ಕಟ್ಟಿಕೊಂಡು ಬೇವಿನ ಕಟ್ಟೆಯ ಮೇಲೆ ಶುರು ಹಚ್ಚಿಯೇ ಬಿಟ್ಟಿದ್ದ. ಮಾಸ್ತರರು ಓಡುತ್ತಲೇ ನನ್ನನ್ನು ಬಿಚ್ಚಿ, ಮೇಲಿನ ಕಣ್ಣಿನ ಮುಚ್ಚಳ ಕಿತ್ತು ಜೇಬಿಗೆ ಹಾಕಿದರು. ಗಾಜಿನಲ್ಲಿ ಅಜ್ಜ ಮೂಡಿದ. ಎತ್ತಿದ ಕೈ, ನರ ಉಬ್ಬಿದ ಕೊರಳು, ಮುಖದ ಮೇಲೆ ಬೇವಿನ ಎಲೆಗಳ ನೆರಳು. ಮಾಸ್ತರರ ಎದೆ ಆ ಪದದ ತಾಳಕ್ಕೆ ಹೊಡೆದುಕೊಳ್ಳುತ್ತಿತ್ತು. ಕಣ್ಣಲ್ಲಿ ನೀರು. ಗುಂಡಿ ಒತ್ತಿದರು, ತಿರುಗಿಸಿದರು, ಮತ್ತೆ ಒತ್ತಿದರು. ರೋಲು ಮುಗಿಯುವ ತನಕ ಒತ್ತಿದರು.

ಕೆಳಗಿನ ಕಣ್ಣಿನ ಮುಚ್ಚಳ ಹಾಗೆಯೇ ಇತ್ತು.

ನನಗೆ ಬಾಯಿಲ್ಲ. ಇದ್ದಿದ್ದರೆ ಆ ದಿನ ಬೇವಿನಾಳದ ತುಂಬ ಕೇಳುವ ಹಾಗೆ ಕೂಗುತ್ತಿದ್ದೆ. ಕೆಳಗಿನ ಕಣ್ಣು ನಶ್ಯದ ಮುಚ್ಚಳದ ಕತ್ತಲೆಯಲ್ಲಿ ಮಿಟುಕಿತು, ಮಿಟುಕಿತು, ಏನೂ ಕಾಣಲಿಲ್ಲ. ಬರೀ ಫೋಟೋದವನಾಗಿದ್ದರೆ ಈ ತಪ್ಪು ಮಾಡುತ್ತಿರಲಿಲ್ಲ. ಬರೀ ಕವಿಯಾಗಿದ್ದರೆ ತಪ್ಪು ಮಾಡಲು ಕೈಯಲ್ಲಿ ಕ್ಯಾಮೆರಾವೇ ಇರುತ್ತಿರಲಿಲ್ಲ. ಎರಡೂ ಆಗಿದ್ದವರಿಗೆ ಮಾತ್ರ ಆಗುವ ತಪ್ಪು ಅದು.

ಮನೆಗೆ ಬಂದು ರಜಾಯಿಯೊಳಗೆ ಕೈ ಹಾಕಿ, ರೋಲು ತೊಳೆದು ಬೆಳಕಿಗೆ ಹಿಡಿದರು. ಪೂರ್ತಿ ಖಾಲಿ, ತೊಳೆದ ಗಾಜಿನ ಹಾಗೆ. ಮಾಸ್ತರರು ಅಡುಗೆಮನೆಯ ಹೊಸ್ತಿಲ ಮೇಲೆ ಕುಸಿದು ಕೂತರು. ಬೀಬಿಜಾನ್ ಮುಚ್ಚಳ ನೋಡಿದಳು, ಗಂಡನ ಮುಖ ನೋಡಿದಳು, ಬೈಯಲಿಲ್ಲ.

"ವಕೀಲರಿಗಿ ಏನಾರ ಹೇಳ್ರಿ. ಆದ್ರ ಮದಲ ಅಜ್ಜಗ ಖರೇ ಹೇಳಿ ಬರ್ರಿ."

ಮರುದಿನವೇ ಹೋದರು. ಅಜ್ಜ ಎಲ್ಲವನ್ನೂ ಕೇಳಿ, ನನ್ನನ್ನು ಕೈಯಲ್ಲಿ ಹಿಡಿದು, ಮುಚ್ಚಳ ಹಾಕಿದ, ತೆಗೆದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಕ್ಕ.

"ಛಲೋ ಹಾಡಿಗಿ ಕಣ್ಣ ಮುಚ್ಚಿ ತಲಿ ದೂಗತಾರ, ತಮ್ಮಾ. ನಿನ್ನ ಡಬ್ಬೀನೂ ಕಣ್ಣ ಮುಚ್ಚೇ ಕೇಳೈತಿ!"

"ಇನ್ನೊಂದ್ಸಲ ಕುಂಡ್ರತೀರೇನ್ರಿ, ಅಜ್ಜಾ?" ಎಂದು ಮಾಸ್ತರರು ಕೇಳಿದರು.

ಅಜ್ಜನ ನಗೆ ನಿಂತಿತು. "ಇಲ್ಲಿ ಕುಂಡ್ರಂಗಿಲ್ಲ. ಆವತ್ತ ಮಾರಿ ಮದಲ ಹೋಗಿ ಹೆಸರು ಕಳೀತು. ಈ ಸಲ ಹೆಸರು ಮದಲ ಹೋಗ್ಲಿ. ನಿನ್ನ ಸಭಾದಾಗ ನನ್ನ ಊರು, ಗುರು, ಹೆಸರು ಬರದು ಹಾಕು. ಅದನ್ನ ಕೇಳಿದ ಮ್ಯಾಲ ಮಾರಿ ಕೊಡ್ತೇನಿ. ಬರ್ತೇನಿ, ಹೋಗು."

ಅಜ್ಜನ ಫೋಟೋ ಆ ದಿನ ಗೋಡೆಯ ಮೇಲಿರುತ್ತದೆ ಎಂದು ಸಂಘಕ್ಕೆ ಮಾತು ಕೊಟ್ಟು ಮಾಸ್ತರರು ಕೋಣೆ ಪಡೆದರು. ಸಮ್ಮೇಳನದ ದಿನ ಬೆಳಿಗ್ಗೆ ಶಾಲೆಯ ಒಂದು ಕೋಣೆಯ ಗೋಡೆಯ ಮೇಲೆ ಮಾಸ್ತರರ ಜನ ಸಾಲಾಗಿ ನಿಂತರು. ನಟ್ಟನಡುವೆ ಒಂದು ಖಾಲಿ ಚೌಕಟ್ಟು. ಅದರ ಕೆಳಗೆ ದಪ್ಪ ಅಕ್ಷರದಲ್ಲಿ ಬರೆದ ನುಡಿ. ಬಗಲಿ ವಕೀಲರು ಅತಿಥಿಗಳನ್ನು ಕರೆದುಕೊಂಡು ಬಂದವರು ಅಲ್ಲೇ ನಿಂತರು.

"ಇದೇನ್ರಿ, ಮಾಸ್ತರ? ಖಾಲಿ ಕಟ್ಟು ಹಾಕೀರಿ?"

"ಹೆಸರು ಬಂದದ್ರಿ. ಮಾರಿ ದಾರ್ಯಾಗ ಅದ."

ಕೋಣೆ ತುಂಬ ನಗೆ. ಒಬ್ಬ ಅತಿಥಿ ಕೆಮ್ಮಿದ ಹಾಗೆ ಮಾಡಿ ಬಾಯಿ ಮುಚ್ಚಿಕೊಂಡ. ವಕೀಲರು ಗಡಿಯಾರ ನೋಡಿ, ಊಟದ ಹೊತ್ತಿಗೆ ಮಾರಿ ಬಾರದಿದ್ದರೆ ಗೋಡೆ ಖಾಲಿ ಮಾಡಬೇಕೆಂದು ಹೇಳಿ ಹೊರಟರು. ಮಾಸ್ತರರು ಚೌಕಟ್ಟಿನ ಪಕ್ಕದಲ್ಲೇ ನಿಂತರು. ಬಂದವರು ನೋಡಿ, ನಕ್ಕು ಹೋದರು. ಮಾಸ್ತರರ ಅಂಗಿ ಬೆವರಿನಿಂದ ನೆಂದು ನನ್ನ ಚರ್ಮಕ್ಕೆ ಅಂಟುತ್ತಿತ್ತು. ಅಜ್ಜನ ವಯಸ್ಸು ನೆನೆದು ನನಗೂ ಹೆದರಿಕೆಯಾಯಿತು. ಊಟದ ಪಂಕ್ತಿ ಕೂತಿತು. ಗೋಡೆ ಖಾಲಿ ಮಾಡುವ ಆಳು ಏಣಿ ತಂದು ಬಾಗಿಲಲ್ಲಿ ನಿಂತ.

ಆಗ ಹಾಡು ಕೇಳಿಸಿತು.

ಮೊದಲು ದೂರ, ಆಮೇಲೆ ಶಾಲೆಯ ಗೇಟಿನಲ್ಲಿ. ಊಟ ಬಿಟ್ಟು ಜನ ಎದ್ದರು. ಎಂಜಲ ಕೈಯಲ್ಲೇ ಓಡಿದರು. ಸಿದ್ರಾಮಜ್ಜ ತಲೆಗೆ ಹೊಸ ರುಮಾಲು ಸುತ್ತಿ, ಮೇಳವನ್ನು ಹಿಂದಿಟ್ಟುಕೊಂಡು ಬರುತ್ತಿದ್ದ. ಸಮ್ಮೇಳನದ ಪೆಂಡಾಲಿನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ. ನೇರ ನಮ್ಮ ಕೋಣೆಗೆ ಬಂದು, ಖಾಲಿ ಚೌಕಟ್ಟಿನ ಮುಂದೆ ನಿಂತು, ಹಾಡು ನಿಲ್ಲಿಸಿದ.

"ಓದು" ಎಂದ.

ಮಾಸ್ತರರು ಓದಲಿಲ್ಲ, ಹಾಡಿದರು.

ಊರ ಇವನದು ಬೇವಿನಾಳದಾಗ
ಗುರು ಹಸನಸಾಬನ ಪಾದದ ಮ್ಯಾಗ
ಮಣ್ಣ ತಿರುವ್ಯಾನ ಪದ ಕಟ್ಯಾನ ಹೀಂಗ
ಕುಂಬಾರ ಸಿದ್ರಾಮ ನಿಂತಾನ ಸಭೆಯಾಗ

ಮೇಳದವರಿಗೆ ಕೊನೆಯ ಸಾಲು ಸಿಕ್ಕರೆ ಸಾಕು. ಎತ್ತಿಕೊಂಡರು. "ಕುಂಬಾರ ಸಿದ್ರಾಮ ನಿಂತಾನ ಸಭೆಯಾಗ" ಎಂದು ಕೋಣೆ ಹಾಡಿತು, ಆಮೇಲೆ ಪಡಸಾಲೆ ಹಾಡಿತು, ಆಮೇಲೆ ಅಂಗಳದಲ್ಲಿ ನಿಂತ ಎಂಜಲ ಕೈಯವರೆಲ್ಲ ಹಾಡಿದರು. ನಗುತ್ತ ಹೋದ ಅತಿಥಿಯೂ ಹಾಡಿದ. ಬಗಲಿ ವಕೀಲರ ಕೈ ಗದ್ದಕ್ಕೆ ಹೋಗುವುದನ್ನು ಮರೆತು ತಾಳ ಹಾಕುತ್ತಿತ್ತು. ಅದನ್ನು ನಾನು ಎರಡೂ ಕಣ್ಣಾರೆ ನೋಡಿದ್ದೇನೆ.

ಅಜ್ಜ ತಿರುಗಿ, ತನ್ನ ಹೆಸರಿಗೆ ಬೆನ್ನು ಕೊಟ್ಟು, ಜನರ ಕಡೆ ಮುಖ ಮಾಡಿ ನಿಂತ. "ಈಗ ತಗಿ."

ಮಾಸ್ತರರು ತಲೆ ಬಾಗಿಸುವ ಮೊದಲೇ ಬೀಬಿಜಾನ್ ಜನರನ್ನು ಸರಿಸಿ ಬಂದು, ನನ್ನ ಕೆಳಗಿನ ಕಣ್ಣನ್ನು ಸೆರಗಿನಿಂದ ಒರೆಸಿದಳು. "ತೆರದದ. ಒತ್ತರಿ." ಮಾಸ್ತರರು ಒತ್ತಿದರು. ನಾನು ನನ್ನ ಜೀವಮಾನದಲ್ಲಿ ಎಷ್ಟೋ ಸಲ ಕಣ್ಣು ಮಿಟುಕಿಸಿದ್ದೇನೆ. ಅಷ್ಟು ಸಂತೋಷದಿಂದ ಮಿಟುಕಿಸಿದ್ದು ಅದೊಂದೇ ಸಲ.

ಸಂಜೆಯೊಳಗೆ ಫೋಟೋ ತೊಳೆದು ತಂದು ಚೌಕಟ್ಟಿಗೆ ಹಾಕಿದರು. ಅಜ್ಜನೇ ಅದನ್ನು ನೇರ ಮಾಡಿದ. ಆ ಸಂಜೆ ಮಾಸ್ತರರು ಗೋಡೆಯ ಮೇಲಿನ ಪ್ರತಿ ನುಡಿಯನ್ನೂ ಹಾಡಿದರು, ಮೇಳ ಸೊಲ್ಲು ಎತ್ತಿತು. ಪೆಂಡಾಲಿನಲ್ಲಿ ಭಾಷಣ ಮಾಡುತ್ತಿದ್ದವರ ಮುಂದೆ ಕುರ್ಚಿಗಳು ಮಾತ್ರ ಉಳಿದವು. ಮರುವಾರ ಪತ್ರಿಕೆಯಲ್ಲಿ ಅಜ್ಜನ ಫೋಟೋ ಬಂತು, ಕೆಳಗೆ ನಾಲ್ಕೂ ಸಾಲು, ಒಂದಕ್ಷರ ಬಿಡದೆ. ಫೋಟೋ ನುಡಿ ಸೇರಿಸಿ ಪುಸ್ತಕ ಮಾಡಬೇಕೆಂದು ಸಂಘದಲ್ಲಿ ಎದ್ದು ನಿಂತು ಸೂಚಿಸಿದವರು ಬಗಲಿ ವಕೀಲರು. ಮನುಷ್ಯ ಕೆಟ್ಟವರಲ್ಲ, ಛಾವಣಿಯ ಮೂಲೆ ನೋಡಿ ನೋಡಿ ಎದುರಿಗಿದ್ದದ್ದು ಕಾಣುತ್ತಿರಲಿಲ್ಲ, ಅಷ್ಟೆ. ಆ ಪುಸ್ತಕದ ಹಿಂದಿನ ರಟ್ಟಿಗೆ ಮಾಸ್ತರರ ಫೋಟೋ ತೆಗೆದವಳು ಬೀಬಿಜಾನ್. ಶಾಲಿಲ್ಲ, ಗದ್ದಕ್ಕೆ ಕೈಯಿಲ್ಲ. ಹೆಂಡತಿ ತಲೆ ಬಾಗಿಸಿದ್ದನ್ನು ಕಂಡು ಮಾಸ್ತರರು ಬಾಯ್ತುಂಬ ನಗುತ್ತಿದ್ದಾರೆ.

ಈಗ ನನಗೆ ವಯಸ್ಸಾಗಿದೆ. ನನಗೆ ಹೊಂದುವ ರೋಲು ಅಂಗಡಿಗಳಲ್ಲಿ ಸಿಗುವುದಿಲ್ಲ. ಗುಂಡಿ ಒತ್ತಿದರೆ ಕೆಳಗಿನ ಕಣ್ಣು ಅರ್ಧ ತೆರೆದು ನಿಂತುಬಿಡುತ್ತದೆ. ಮಾಸ್ತರರೂ ಇಲ್ಲ, ಅಜ್ಜನೂ ಇಲ್ಲ. ಬೀಬಿಜಾನ್ ತಾನು ಹೋಗುವ ಮೊದಲು ನನ್ನನ್ನು ಸಂಘದ ಗಾಜಿನ ಕಪಾಟಿನಲ್ಲಿ ಇಟ್ಟು ಹೋದಳು. ನನ್ನ ಎದುರಿನ ಗೋಡೆಯ ಮೇಲೆ ಅವರೆಲ್ಲ ಇದ್ದಾರೆ, ಊರು ಗುರು ಹೆಸರಿನ ಸಮೇತ. ಕಿಟಕಿಯಾಚೆ ರಸ್ತೆ. ಅಳುವುದಕ್ಕೆ ನನಗೆ ಕಾರಣವಿಲ್ಲ.

ಸಮ್ಮೇಳನದ ಮರುವರ್ಷ ಮೊಹರಮ್ಮಿಗೆ ಸಿದ್ರಾಮಜ್ಜ ಒಂದು ಹೊಸ ಪದ ಕಟ್ಟಿದ. ಕಟ್ಟುವ ಮೊದಲು ಮಾಸ್ತರರ ಮನೆಗೆ ಬಂದು ನನ್ನನ್ನು ತೊಡೆಯ ಮೇಲಿಟ್ಟುಕೊಂಡು ಕೇಳಿದ್ದ, "ಇದರದು ಊರ್ಯಾವುದು? ಗುರು ಯಾರು?" ಮಾಸ್ತರರು ನಕ್ಕು ಹೇಳಿದ್ದರು. ಅಜ್ಜ ನಗಲಿಲ್ಲ. ಅವನ ಲೆಕ್ಕದಲ್ಲಿ ಅದು ನಗುವ ವಿಷಯವಾಗಿರಲಿಲ್ಲ.

ಇವತ್ತಿಗೂ ಮೊಹರಮ್ಮಿಗೆ ಈ ರಸ್ತೆಯಲ್ಲಿ ಮೇಳಗಳು ಹಾಯುತ್ತವೆ. ಹಾಡುವವರು ಹೊಸಬರು, ಅವರಲ್ಲಿ ಯಾರೂ ಮಾಸ್ತರರನ್ನು ಕಂಡವರಲ್ಲ, ನಾನು ಈ ಕಪಾಟಿನಲ್ಲಿ ಇರುವುದೂ ಅವರಿಗೆ ಗೊತ್ತಿಲ್ಲ. ಕವಿಯೋ ಫೋಟೋದವನೋ ಎಂದು ಈ ಊರು ಕೇಳುತ್ತಿದ್ದ ಪ್ರಶ್ನೆಗೆ ಅವರು ದಾರಿಯುದ್ದಕ್ಕೂ ಉತ್ತರ ಹೇಳುತ್ತ ಹೋಗುತ್ತಾರೆ, ಗಟ್ಟಿ ಧ್ವನಿಯಲ್ಲಿ, ಹಲಗೆ ಬಾರಿಸುತ್ತ.

ಊರ ಇದರದು ಸಮುದ್ರದ ಆಚೀಗ
ಗುರು ಇದಕ ಸೂರ್ಯ ಮುಗಿಲಾಗ
ಎರಡ ಕಣ್ಣಿನ ಡಬ್ಬಿ ಕುಂತೈತಿ ಹ್ಯಾಂಗ
ಕವಿ ನದಾಫ ದಾವಲನ ಎದಿಮ್ಯಾಗ